ಬೇರೆ ತಲೆ

ಶ್ರಾವಣ ಬಂತು ಅಂದರೆ ನಮ್ಮ ಕೇಂದ್ರದಲ್ಲಿ ಯಾರೂ ರಜೆ ಕೇಳುವ ಹಾಗಿಲ್ಲ. ಊರಿಗೆಲ್ಲ ಅದು ಪೂಜೆಯ ತಿಂಗಳು, ನಮಗೆ ಕೆಂಪು ದೀಪದ ತಿಂಗಳು. ವರ್ಷವಿಡೀ ಕಂಠಪೂರ್ತಿ ಕುಡಿದವರು ಅಮಾವಾಸ್ಯೆಯ ದಿನ ತಲೆಗೆ ನೀರು ಹಾಕಿಕೊಂಡು, ಹಣೆತುಂಬ ವಿಭೂತಿ ಬಳಿದುಕೊಂಡು, "ಇನ್ನೊಂದು ತಿಂಗಳು ಮುಟ್ಟಲ್ಲ" ಅಂತ ದೇವರ ಮುಂದೆ ಕೈ ಮುಗಿಯುತ್ತಾರೆ. ಮಾರನೆಯ ದಿನವೋ ಅದರ ಮಾರನೆಯ ದಿನವೋ ನಡುಬೀದಿಯಲ್ಲಿ ಕೈಕಾಲು ಸೆಟೆದು ಬೀಳುತ್ತಾರೆ. ಜನ ಓಡಿಬಂದು ಕೈಗೆ ಬೀಗದ ಕೈ ಗೊಂಚಲು ತುರುಕುತ್ತಾರೆ, ಮೂಗಿಗೆ ಈರುಳ್ಳಿ ಹಿಡಿಯುತ್ತಾರೆ. "ಪಾಪ, ದೇವರ ಹೆಸರಲ್ಲಿ ಬಿಟ್ಟಿದ್ದ, ಯಾರ ಕಣ್ಣು ಬಿತ್ತೋ" ಅನ್ನುತ್ತಾರೆ. ಕಣ್ಣೂ ಇಲ್ಲ, ಮಣ್ಣೂ ಇಲ್ಲ. ಬಿಟ್ಟಿದ್ದಕ್ಕೇ ಬಿದ್ದದ್ದು.

ನನ್ನ ಹೆಸರು ದಾಕ್ಷಾಯಿಣಿ. ದಾವಣಗೆರೆಯ ಬಿಲ್ಲೆ ಕೇಂದ್ರದಲ್ಲಿ ಕಾವಲು ಕೆಲಸ ನನ್ನದು. ಬಿಲ್ಲೆ ಅಂದರೆ ಕಿವಿಯ ಹಿಂದೆ ಮೂಳೆಯ ಮೇಲೆ ಅಂಟಿಸಿಕೊಳ್ಳುವ, ಒಂದು ರೂಪಾಯಿ ನಾಣ್ಯದಷ್ಟು ಅಗಲದ ಯಂತ್ರ. ತಲೆಯೊಳಗೆ ಓಡಾಡುವ ವಿದ್ಯುತ್ತನ್ನು ಅದು ಕೇಳಿಸಿಕೊಳ್ಳುತ್ತದೆ, ಗೆರೆ ಮಾಡಿ ನಮ್ಮ ಪರದೆಗೆ ಕಳಿಸುತ್ತದೆ. ಫಿಟ್ಸ್ ಬರುವ ಸಾಕಷ್ಟು ಮೊದಲೇ ಆ ಗೆರೆ ಹದ ತಪ್ಪುತ್ತದೆ. ಆಗ ದೀಪ ಕೆಂಪಾಗುತ್ತದೆ, ನಾವು ಫೋನ್ ಮಾಡಿ "ಒಲೆ ಆರಿಸಿ, ಗಾಡಿ ನಿಲ್ಲಿಸಿ, ಏಣಿಯಿಂದ ಇಳೀರಿ, ಎಲ್ಲಿದ್ದೀರೋ ಅಲ್ಲೇ ಮಲಗಿ" ಅನ್ನುತ್ತೇವೆ. ಬಿಲ್ಲೆ ಬಂದ ಮೇಲೆ ಫಿಟ್ಸ್ ಇರುವವರಿಗೂ ಲೈಸೆನ್ಸ್ ಸಿಕ್ಕಿತು, ಕೆಲಸ ಸಿಕ್ಕಿತು, ಮದುವೆಯೂ ಆಯಿತು.

ಆದರೆ ಬಿಲ್ಲೆಗೆ ಒಂದು ಹಟ ಇದೆ. ಅದು ಮೊದಲು ತಲೆಯ ಗುರುತು ಹಿಡಿಯಬೇಕು. "ಸರಿಯಾದ ತಲೆ ಅಂತ ಲೋಕದಲ್ಲಿ ಒಂದಿಲ್ಲ ದಾಕ್ಷಾಯಿಣಿ, ಅವರವರ ತಲೆ ಅವರವರಿಗೆ ಸರಿ" ಅನ್ನುತ್ತಿದ್ದರು ನಮ್ಮ ಡಾಕ್ಟರ್ ಮುಬೀನಾ ತಾಜ್. ಬಿಲ್ಲೆ ಹಾಕಿದ ಮೊದಲ ಹದಿನೈದು ದಿನ ಯಂತ್ರ ಸುಮ್ಮನೆ ಕಲಿಯುತ್ತದೆ. ಈ ಮನುಷ್ಯನ ಎಂದಿನ ತಲೆ ಹೀಗೆ ಅಂತ ಮನದಟ್ಟು ಮಾಡಿಕೊಳ್ಳುತ್ತದೆ. ಆಮೇಲೆ ಏನೇ ಬಂದರೂ ಅದಕ್ಕೇ ಹೋಲಿಸಿ ನೋಡುತ್ತದೆ. ಸ್ವಲ್ಪ ಹೆಚ್ಚುಕಮ್ಮಿ ಆದರೆ ಕೆಂಪು. ತೀರಾ ಗುರುತೇ ಸಿಗದಿದ್ದರೆ ಪರದೆಯ ಮೇಲೆ "ಬೇರೆ ತಲೆ" ಅಂತ ಬರುತ್ತದೆ, ಗೆರೆ ಕಾಣುತ್ತಲೇ ಇದ್ದರೂ ಹಸಿರೋ ಕೆಂಪೋ ಅಂತ ಹೇಳುವುದನ್ನೇ ಯಂತ್ರ ನಿಲ್ಲಿಸುತ್ತದೆ. ಅದನ್ನು ಇಟ್ಟದ್ದು ಕಳ್ಳರಿಗಾಗಿ. ಬಿಲ್ಲೆಯನ್ನು ಭಾಮೈದನ ಕಿವಿಗೆ ಅಂಟಿಸಿ ತಾನು ಬಾರಿಗೆ ಹೋದವರಿದ್ದಾರೆ. ಹರಿಹರದ ಒಬ್ಬ ಮಹಾನುಭಾವ ಎಮ್ಮೆಯ ಕಿವಿಗೆ ಅಂಟಿಸಿ ಹೋಗಿದ್ದ. ಆವತ್ತು ಇಡೀ ಕೋಣೆ ನಕ್ಕಿದ್ದೇ ನಕ್ಕಿದ್ದು.

ಶ್ರಾವಣದ ಕೆಂಪು ನೋಡಿ ನೋಡಿ ಬೇಸತ್ತ ಮುಬೀನಾ ಒಂದು ವರ್ಷ ಗೇಟಿನ ಮುಂದೆ ಬೋರ್ಡು ಹಾಕಿಸಿದರು: "ಕುಡಿತವನ್ನು ಒಮ್ಮೆಲೇ ಬಿಡಬೇಡಿ. ನಮ್ಮಲ್ಲಿಗೆ ಬಂದು ಬಿಡಿ." ಅಯ್ಯಯ್ಯೋ, ಊರೇ ಮೇಲೆ ಬಿತ್ತು. ಕುಡುಕರಿಗೆ ಬಿಡಬೇಡಿ ಅಂತ ಬುದ್ಧಿ ಹೇಳೋ ಆಸ್ಪತ್ರೆ ಎಲ್ಲಾದರೂ ಉಂಟಾ ಅಂತ ಹೆಂಗಸರು ಬಂದು ಉಗಿದು ಹೋದರು. ನಾನು ಹೊರಗೆ ನಿಂತು ಒಬ್ಬೊಬ್ಬರಿಗೂ ಬಿಡಿಸಿ ಹೇಳುತ್ತಿದ್ದೆ: "ಒಂದು ಬಾಗಿಲನ್ನ ಹೊರಗಿಂದ ಯಾರೋ ದಿನಾ ಅದುಮ್ತಾ ಇದ್ದರೆ ಒಳಗಿನವರು ಎದುರು ಒತ್ತೋದು ಕಲೀತಾರೆ, ಅಲ್ವಾ? ಹೊರಗಿನವನು ಥಟ್ಟಂತ ಕೈ ತೆಗೆದರೆ ಒಳಗಿನವರೆಲ್ಲ ಬಾಗಿಲ ಸಮೇತ ಹೊರಗೆ ಬಂದು ಬೀಳ್ತಾರೆ. ಕುಡಿತ ಮಿದುಳನ್ನ ಅದುಮೋದು ಹಂಗೆ, ಬಿಟ್ಟಾಗ ಫಿಟ್ಸ್ ಬರೋದು ಹಿಂಗೆ." ಕೆಲವರು ತಮ್ಮ ಗಂಡ ಕುಡೀತಿದ್ದದ್ದೇ ಗೊತ್ತಿರಲಿಲ್ಲ ಅಂತ ಅಳುತ್ತಿದ್ದರು. ಅವರನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಒಂದೇ ಹಾಸಿಗೆಯಲ್ಲಿ ಮಲಗೋ ಗಂಡ ಕುಡೀತಾನೋ ಇಲ್ಲವೋ ತಿಳಿಯದವಳು ಎಂಥ ಹೆಂಡತಿ ಅಂತ ಎಲ್ಲರೆದುರು ಆಡಿಯೂ ಬಿಟ್ಟಿದ್ದೆ. ಊರಿಗೆಲ್ಲ ಶಕುನ ಹೇಳೋ ಹಲ್ಲಿ ತಾನೇ ಬಚ್ಚಲಲ್ಲಿ ಬಿದ್ದಿತ್ತಂತೆ. ನನ್ನ ಕಥೆ ಅದೇ.

ನಮ್ಮ ಯಜಮಾನರದು ಬಸ್ಸು ಓಡಿಸುವ ಕೆಲಸ. ದಾವಣಗೆರೆಯಿಂದ ಹರಿಹರಕ್ಕೆ, ಹರಿಹರದಿಂದ ವಾಪಸ್ಸು. ಮೂರು ವರ್ಷದ ಹಿಂದೆ ಡಿಪೋದಲ್ಲಿ ಎಲ್ಲರೆದುರು ಫಿಟ್ಸ್ ಬಂದು ಬಿದ್ದರು. ಆಗ ಕುಡಿತವೂ ಇತ್ತು, ಜೊತೆಗೆ ಗಾಂಜಾ ತುಂಬಿದ ಬೀಡಿಯೂ ಇತ್ತು. ಆಸ್ಪತ್ರೆಯ ಮಂಚದ ಮೇಲೆ ನನ್ನ ತಲೆಯ ಮೇಲೆ ಕೈಯಿಟ್ಟು ಅತ್ತರು, ಎರಡೂ ಬಿಟ್ಟೆ ಅಂದರು. ಕೆಲಸ ಉಳಿಯಬೇಕಾದರೆ ಬಿಲ್ಲೆ ಬೇಕಿತ್ತು. ಕೆಲವು ವಾರ ಕಳೆದು ಬಿಲ್ಲೆ ಹಾಕುವಾಗ ಮುಬೀನಾ ನನ್ನ ಮುಖ ನೋಡಿ ಕೇಳಿದರು, "ದಾಕ್ಷಾಯಿಣಿ, ಈಗ ಕುಡಿತ ಇದೆಯಾ?" ನಾನು ಎದೆ ತಟ್ಟಿಕೊಂಡು ಅಂದೆ, "ಇಲ್ಲ ಡಾಕ್ಟ್ರೇ, ಒಂದು ತೊಟ್ಟೂ ಇಲ್ಲ. ನಾನು ಜಾಮೀನು." ನಮ್ಮ ಯಜಮಾನರು ಪಕ್ಕದಲ್ಲೇ ಕೂತು ನಗುತ್ತಿದ್ದರು.

ಬಿಟ್ಟ ಮೇಲೆ ಎಂಥ ಮನುಷ್ಯ ಆಗಿದ್ದರು ಅಂತೀರಿ! ಗದರಿದ ಮಾತಿಲ್ಲ, ಸಿಡುಕಿಲ್ಲ. ಸಂಜೆ ವಾಕಿಂಗ್ ಹೋಗಿ ಬರುವರು, ಬಾಯಲ್ಲಿ ಏಲಕ್ಕಿ, ಕಣ್ಣಲ್ಲಿ ಒಂಥರಾ ಸಮಾಧಾನ. ನಾನು ಆಫೀಸಿನ ಕಥೆಯನ್ನೆಲ್ಲ ಒದರಿದರೂ ಹೂಂ ಹೂಂ ಅಂತ ಕೇಳುವರು. ನಮ್ಮವ್ವ ತೀರಿಕೊಂಡಾಗ ನಾನು ವಾರಗಟ್ಟಲೆ ಅನ್ನ ಬಿಟ್ಟಿದ್ದೆ. ದಿನಾ ಸಂಜೆ ಪಕ್ಕದಲ್ಲಿ ಕೂತು, ತಲೆ ಸವರುತ್ತಾ ತುತ್ತು ಬಾಯಿಗಿಟ್ಟವರು ಅವರು. ಹೆತ್ತ ತಾಯಿಯ ಹಾಗೆ ನೋಡಿಕೊಂಡರು ಅಂತ ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದೆ.

ಈ ಸಲದ ಭೀಮನ ಅಮಾವಾಸ್ಯೆಯ ದಿನ ತಟ್ಟೆಯಲ್ಲಿ ಅವರ ಕಾಲಿಟ್ಟು ತೊಳೆದೆ. ಅರಿಶಿನ ಹಚ್ಚಿ, ಹೂವಿಟ್ಟು, ದೀಪ ಬೆಳಗಿ, ನಮಸ್ಕಾರ ಮಾಡಿ ಎದ್ದರೆ ಅವರ ಕಣ್ಣಲ್ಲಿ ನೀರು.

"ಏನ್ರೀ, ಹೊಗೆ ತಾಕಿತಾ?" ಅಂದೆ.

"ದಾಕ್ಷಿ, ಇನ್ನು ಮೇಲೆ ನಾನು ನೆಟ್ಟಗಿರ್ತೀನಿ ಕಣೇ."

"ಈಗೇನು ಸೊಟ್ಟಗಿದೀರಾ? ಸುಮ್ನೆ ಕಡುಬು ತಿನ್ನಿ ಬರ್ರಿ."

ಅವರು ಅರ್ಧ ಕಡುಬು ಮುರಿದು ತಟ್ಟೆ ಸರಿಸಿದರು. ಆವತ್ತು ಸಂಜೆ ವಾಕಿಂಗಿಗೂ ಹೋಗಲಿಲ್ಲ. ರಾತ್ರಿಯೆಲ್ಲ ಮಗ್ಗುಲು ಬದಲಿಸಿದರು. ಬೆಳಿಗ್ಗೆ ಕಾಫಿ ಲೋಟ ಹಿಡಿದ ಕೈ ನಡುಗಿ ಅರ್ಧ ಕಾಫಿ ನೆಲಕ್ಕೆ ಚೆಲ್ಲಿತು. ಜ್ವರವಾ ಅಂತ ಹಣೆ ಮುಟ್ಟಲು ಹೋದರೆ ಕೈ ತಳ್ಳಿ, "ಬಾಯಿ ಮುಚ್ಚಿಕೊಂಡು ಅತ್ಲಾಗೆ ಹೋಗೇ" ಅಂದರು. ಮೂರು ವರ್ಷದಲ್ಲಿ ಅಂಥ ಮಾತು ಕೇಳಿರಲಿಲ್ಲ. ಡಿಪೋದಲ್ಲಿ ಯಾರೋ ಏನೋ ಅಂದಿರಬೇಕು ಅಂದುಕೊಂಡೆ. ನೋಡಿ, ಊರಿನವರ ತಲೆ ಕಾಯುವವಳು ನಾನು. ನಡುಗುವ ಕೈ, ಬೆವರು, ನಿದ್ದೆಗೇಡು, ಸಿಡುಕು, ಎಲ್ಲ ಕಣ್ಣೆದುರಿಗಿತ್ತು. ಒಂದು ತಲೆನೋವಿನ ಮಾತ್ರೆ ಕೊಟ್ಟು ಡ್ಯೂಟಿಗೆ ಕಳಿಸಿದೆ.

ಆವತ್ತು ಶ್ರಾವಣದ ಮೊದಲ ದಿನ. ಮಧ್ಯಾಹ್ನಕ್ಕೆಲ್ಲ ಪರದೆಯ ಮೇಲೆ ಕೆಂಪು ಚುಕ್ಕೆಗಳು ಶುರುವಾದವು. ಸ್ವಂತದವರ ಗೆರೆ ನೋಡಬಾರದು ಅಂತ ನಮ್ಮಲ್ಲಿ ನಿಯಮ. ನಮ್ಮ ಯಜಮಾನರ ಬಿಲ್ಲೆ ಇದ್ದದ್ದು ಪಕ್ಕದ ಕುರ್ಚಿಯ ಶಶಿರೇಖಾಳ ಪಾಲಿಗೆ. ನನಗೆ ಒಡಹುಟ್ಟಿದವಳ ಹಾಗೆ ಇದ್ದವಳು. ಅವಳು ಮೆಲ್ಲಗೆ ನನ್ನ ಸೆರಗು ಎಳೆದಳು.

"ದಾಕ್ಷಿ, ಅಣ್ಣನ ಬಿಲ್ಲೆ ಬೇರೆ ತಲೆ ಅಂತಿದೆ ಕಣೆ."

ನನ್ನ ರಕ್ತ ನೆತ್ತಿಗೇರಿತು. ನನ್ನ ಗಂಡ! ಬಿಲ್ಲೆ ಕಿತ್ತು ಇನ್ನೊಬ್ಬರಿಗೆ ಅಂಟಿಸುವ ಕಳ್ಳಾಟ! ಬಸ್ಸಿನಲ್ಲಿ ಡ್ರೈವರ್ ಸೀಟಿನ ಪಕ್ಕ ನಮ್ಮ ಕೇಂದ್ರದ ಸ್ಪೀಕರ್ ಇರುತ್ತದೆ. ಶಶಿರೇಖಾ ಬೇಡ ಬೇಡ ಅನ್ನುತ್ತಿದ್ದಂತೆ ನಮ್ಮ ಮೇಜಿನ ಮೇಲಿನ ಅದರ ಗುಂಡಿ ಒತ್ತಿದೆ.

"ರೀ, ಬಿಲ್ಲೆ ಯಾರ ಕಿವಿಗೆ ಹಾಕಿದೀರಿ?"

"ತಲೆಗಿಲೆ ಕೆಟ್ಟಿದೆಯೇನೇ? ನನ್ನ ಕಿವಿ ಹಿಂದೇನೇ ಇದೆ. ಬಸ್ಸು ಓಡಿಸ್ತಾ ಇದೀನಿ."

"ಬೆರಳಲ್ಲಿ ಒತ್ತಿ, ನೋಡೋಣ."

ಒತ್ತಿದರು. ಪರದೆಯ ಮೇಲೆ ಗೆರೆ ಚಂಗನೆ ಹಾರಿತು. ಬಿಡಿ ಅಂದೆ, ಇಳಿಯಿತು. ಇನ್ನೊಮ್ಮೆ ಅಂದೆ, ಇನ್ನೊಮ್ಮೆ ಹಾರಿತು. ಬಿಲ್ಲೆ ಅವರ ತಲೆಯಲ್ಲೇ ಇತ್ತು. ಹಾಗಾದರೆ ಯಂತ್ರ ಯಾಕೆ ಇದು ಬೇರೆಯವರ ತಲೆ ಅನ್ನುತ್ತಿದೆ ಅಂತ ನನಗೆ ತಿಳಿಯಲಿಲ್ಲ.

ಅಷ್ಟರಲ್ಲಿ ಮುಬೀನಾ ಬಂದು ನನ್ನ ಹಿಂದೆ ನಿಂತಿದ್ದರು. ಗೆರೆಯನ್ನು ನೋಡಿದರು. ಪಕ್ಕದ ಪರದೆಯಲ್ಲಿ ಕೆಂಪಾಗಿದ್ದ ಇನ್ನೊಬ್ಬ ಕುಡುಕನ ಗೆರೆಯನ್ನೂ ನೋಡಿದರು. ಎರಡೂ ಒಂದೇ ಅಚ್ಚಿನವು.

"ಇದು ಬೇರೆ ತಲೆ ಅಲ್ಲ ದಾಕ್ಷಾಯಿಣಿ, ಅವರದೇ ತಲೆ" ಅಂದರು. "ಅಮಲು ಇಳಿದ ತಲೆ. ಯಂತ್ರಕ್ಕೆ ಇದರ ಗುರುತೇ ಇಲ್ಲ, ಯಾಕಂದರೆ ಇದನ್ನ ಅದು ಯಾವತ್ತೂ ನೋಡಿಲ್ಲ. ಕಲಿಯೋ ಹದಿನೈದು ದಿನ ಅವರು ಕುಡೀತಾನೇ ಇದ್ದರು ಅನ್ಸುತ್ತೆ. ಅದನ್ನೇ ಎಂದಿನ ತಲೆ ಅಂತ ನಂಬ್ಕೊಂಡು ಮೂರು ವರ್ಷ ಹಸಿರು ತೋರಿಸಿದೆ."

"ಇಲ್ಲ ಡಾಕ್ಟ್ರೇ! ನನ್ನ ತಲೆ ಮುಟ್ಟಿ ಬಿಟ್ಟೋರು ಅವರು."

"ಹಂಗಿದ್ರೆ ಒಳ್ಳೇದು, ಬಿಲ್ಲೆ ಕೆಟ್ಟಿದೆ ಅಷ್ಟೇ. ಆದರೆ ಇಲ್ಲೀವರೆಗೂ ಕುಡಿದು ಈಗ ಒಮ್ಮೆಲೇ ಬಿಟ್ಟಿದ್ದರೆ, ಸ್ಟೀರಿಂಗ್ ಹಿಡ್ಕೊಂಡೇ ಬೀಳ್ತಾರೆ. ಯಾವುದಕ್ಕೂ ಮೊದಲು ಬಸ್ಸು ನಿಲ್ಲಿಸು ಅನ್ನು."

ಅಂದೆ. ಅವರು ಕೇಳಲಿಲ್ಲ. ಕಾಲೇಜು ಬಿಟ್ಟ ಹೊತ್ತು, ನಿಲ್ಲಲೂ ಜಾಗ ಇಲ್ಲದಷ್ಟು ಹುಡುಗಿಯರು ಬಸ್ಸಿನಲ್ಲಿ. ಅವರ ಗಲಾಟೆ ಸ್ಪೀಕರಿನಲ್ಲಿ ಕೇಳುತ್ತಿತ್ತು.

"ಕಾರಣ ಇಲ್ದೆ ನಡುದಾರೀಲಿ ನಿಲ್ಲಿಸಿದ್ರೆ ಲೈಸೆನ್ಸ್ ಕಿತ್ಕೋತಾರೆ ಕಣೇ. ಬಿಲ್ಲೆ ಕೆಟ್ಟಿದೆ ಅಂತ ನಿಮ್ಮ ಡಾಕ್ಟ್ರಿಗೆ ಹೇಳು. ಹರಿಹರ ಬರ್ಲಿ, ಹೊಸದು ಹಾಕ್ಕೊಳ್ತೀನಿ."

"ರೀ, ಕೈ ಮುಗೀತೀನಿ. ನಿಜ ಹೇಳ್ರಿ. ಯಾವಾಗ ಬಿಟ್ರಿ?"

"ಮೂರು ವರ್ಷ ಆಯ್ತು. ನಿನಗೆ ಗೊತ್ತಿಲ್ವಾ?"

ಒಂದಿಷ್ಟೂ ಅಳುಕಿಲ್ಲದೆ ಅಂದರು. ಆ ನಯಕ್ಕೇ ನನಗೆ ಗೊತ್ತಾಗಿ ಹೋಯಿತು. ಅಷ್ಟು ನಯವಾಗಿ ಬರಬೇಕಾದರೆ ಆ ಮಾತನ್ನು ಎಷ್ಟು ಸಲ ಆಡಿರಬೇಕು! ಮದುವೆಯಾದಾಗಿನಿಂದ ನಾನು ಗಂಡನ ಹೆಸರು ಹಿಡಿದು ಕರೆದವಳಲ್ಲ. ಓಟಿನ ಸಾಲಿನಲ್ಲಿ ಕೇಳಿದಾಗಲೂ ಪಕ್ಕದವರ ಕೈಲಿ ಹೇಳಿಸಿದ್ದೆ. ಇಡೀ ಕೋಣೆಗೆ ಕೇಳುವ ಹಾಗೆ ಕೂಗಿದೆ.

"ಕೊಟ್ರೇಶಿ! ಯಾವಾಗ ಬಿಟ್ಟೆ ನೀನು?"

ಬ್ರೇಕು ಕಿರ್ ಅಂದಿತು, ಯಾರೋ ಮುಗ್ಗರಿಸಿ ಬೈದರು. ಬಸ್ಸು ನಿಂತಿತ್ತು.

"ನಿನ್ನೆ" ಅಂದರು. ದನಿ ಎದ್ದೇ ಇರಲಿಲ್ಲ. "ನೀನು ಕಾಲು ತೊಳೆದೆಯಲ್ಲ, ಆವಾಗ."

"ಗಾಂಜಾ?" ಅಂತ ಮುಬೀನಾ ಬಗ್ಗಿ ಕೇಳಿದರು.

"ಅದೂ ಇತ್ತು ಡಾಕ್ಟ್ರೇ. ಅದು ಬರೀ ಸೊಪ್ಪು, ಏನೂ ಆಗಲ್ಲ ಅಂತ... ಎರಡೂ ಒಟ್ಟಿಗೇ ಬಿಟ್ಟೆ."

"ಬಸ್ಸು ಆಫ್ ಮಾಡಿ. ಇಳಿದು ರಸ್ತೆ ಬದಿಗೆ ಮಲಗಿ. ಈಗಲೇ."

ಇಳಿಯುವುದರೊಳಗೆ ಬಂತು. ಮೆಟ್ಟಿಲ ಮೇಲೇ ಬಿದ್ದರಂತೆ. ನನಗೆ ಕೇಳಿದ್ದು ಧಡ್ ಅನ್ನುವ ಸದ್ದು, ಹುಡುಗಿಯರ ಚೀತ್ಕಾರ, ಆಮೇಲೆ ಯಾರೋ ಗಂಡಸಿನ ದನಿ, "ಕಬ್ಬಿಣ ಕೊಡ್ರೋ, ಕೈಗೆ ಕಬ್ಬಿಣ ಕೊಡ್ರೋ!" ಎಷ್ಟೋ ಜನಕ್ಕೆ ಹೇಳಿದ್ದ ಮಾತನ್ನೇ ಆಗಲೂ ಹೇಳಿದೆ: "ಕೈಗೆ ಏನೂ ಕೊಡಬೇಡಿ. ಬಾಯಿಗೆ ಏನೂ ಹಾಕಬೇಡಿ. ಒಂದು ಮಗ್ಗುಲಿಗೆ ಹೊರಳಿಸಿ, ತಲೆ ಕೆಳಗೆ ಏನಾದ್ರೂ ಮೆತ್ತಗಿರೋದು ಇಡಿ. ಆಂಬುಲೆನ್ಸ್ ಬರ್ತಾ ಇದೆ." ದನಿ ನಡುಗಲಿಲ್ಲ. ಎಲ್ಲ ಮುಗಿದ ಮೇಲೆ ಗುಂಡಿಯಿಂದ ಬೆರಳು ತೆಗೆದು ಕುರ್ಚಿಯಲ್ಲಿ ಕೂತೆ.

ಶಶಿರೇಖಾ ನೀರು ತಂದಳು. ನನ್ನ ಮುಖ ನೋಡದೆ ಹೇಳಿದಳು, "ಸಂಜೆ ಹೊತ್ತು ಅಣ್ಣನ ಗೆರೆ ಭಾಳ ನಿಧಾನಕ್ಕೆ ತೂಗ್ತಿತ್ತು ದಾಕ್ಷಿ. ಬೆಳಿಗ್ಗೆ ಸ್ವಲ್ಪ ಒರಟಾಗಿರ್ತಿತ್ತು. ನನಗೆ ಅನುಮಾನ ಇತ್ತು."

"ಎಷ್ಟು ದಿನದಿಂದ?"

"ಮೊದಲಿಂದ. ಯಂತ್ರ ಹಸಿರು ಅಂತಿತ್ತು. ನೀನೂ ಅಷ್ಟು ಖುಷಿಯಾಗಿದ್ದೆ. ನಾನ್ಯಾಕೆ ನಿನ್ನ ಸಂಸಾರಕ್ಕೆ ಹುಳಿ ಹಿಂಡ್ಲಿ ಅಂತ..."

"ನನ್ನ ಖುಷಿ ಕಾಯೋಕೆ ಸಂಬಳ ಕೊಡ್ತಿದ್ರಾ ನಿನಗೆ? ಬಸ್ಸು ತುಂಬ ಆ ಮಕ್ಕಳಿದ್ರಲ್ಲೇ!" ಅಂದೆ. ನೀರಿನ ಲೋಟ ಅವಳ ಕೈಲೇ ಉಳಿಯಿತು. ಒಬ್ಬರು ಮೋಸ ಮಾಡಿದ್ದು ಹೆದರಿಕೆಯಿಂದ, ಇನ್ನೊಬ್ಬರು ಪ್ರೀತಿಯಿಂದ. ನನಗಂತೂ ಎರಡರ ರುಚಿಯೂ ಒಂದೇ ಥರ ಇತ್ತು.

ಆಸ್ಪತ್ರೆಯಲ್ಲಿ ಅವರಿಗೆ ಔಷಧಿ ಕೊಟ್ಟು ಮಿದುಳನ್ನು ಮೆಲ್ಲಮೆಲ್ಲಗೆ ಹದಕ್ಕೆ ತಂದರು. ಬಾಗಿಲಿಂದ ಒಮ್ಮೆಲೇ ಕೈ ತೆಗೆಯದೆ ಒಂದೊಂದೇ ಬೆರಳು ತೆಗೆದ ಹಾಗೆ. ಬೆಳಿಗ್ಗೆ ಡಿಪೋದಲ್ಲಿ ಉಸಿರು ಊದಿಸುವ ಹೊತ್ತಿಗೆ ರಾತ್ರಿಯದು ತಲೆಯಿಂದ ಪೂರ್ತಿ ಇಳಿಯದಿದ್ದರೂ ಉಸಿರಿನಿಂದ ಇಳಿದಿರುತ್ತಿತ್ತು, ಹಾಗಾಗಿ ಅಲ್ಲೂ ಸಿಕ್ಕಿಬಿದ್ದಿರಲಿಲ್ಲ. "ಎಲ್ಲ ಗಾಂಜಾದಿಂದಲೇ ಆಯ್ತಾ ಡಾಕ್ಟ್ರೇ?" ಅಂತ ಕೇಳಿದೆ, ಯಾವುದಾದರೂ ಒಂದರ ಮೇಲೆ ತಪ್ಪು ಹೊರಿಸಿ ಹಗುರಾಗುವ ಆಸೆ. "ಕುಡಿತದ ಬಗ್ಗೆ ನಾನು ಖಂಡಿತ ಹೇಳಬಲ್ಲೆ" ಅಂದರು ಮುಬೀನಾ. "ಗಾಂಜಾ ಒಬ್ಬೊಬ್ಬರಲ್ಲಿ ಒಂದೊಂದು ಥರ. ಕೆಲವರಲ್ಲಿ ಫಿಟ್ಸ್ ಕೆಣಕುತ್ತೆ, ಕೆಲವರಲ್ಲಿ ತಡೆಯೋ ಹಂಗೂ ಕಾಣುತ್ತೆ. ಇವರಲ್ಲಿ ಏನು ಮಾಡ್ತಿತ್ತೋ ಹೇಳೋಕಾಗಲ್ಲ. ವರ್ಷಗಟ್ಟಲೆ ಎರಡೂ ಸೇರಿಸಿದ್ದಾರೆ, ಎರಡನ್ನೂ ಒಂದೇ ದಿನ ನಿಲ್ಲಿಸಿದ್ದಾರೆ."

ಔಷಧಿಯ ಮಂಪರು ಇಳಿದ ದಿನ ಹೋಗಿ ಮಂಚದ ಪಕ್ಕ ಕೂತೆ. ಮುಖ ಬಿಳಿಚಿಕೊಂಡಿತ್ತು. ಕಣ್ಣು ಒಂದು ಕಡೆ ನಿಲ್ಲುತ್ತಿರಲಿಲ್ಲ. ಫ್ಯಾನಿನ ಸದ್ದಿಗೆ ಸಿಡುಕಿದರು, ದಿಂಬು ಸರಿಯಿಲ್ಲ ಅಂದರು, ಗಂಜಿ ತಣ್ಣಗಿದೆ ಅಂತ ನರ್ಸಿಗೆ ಬೈದರು. ಆಮೇಲೆ ನನ್ನ ಕೈ ಹಿಡಿಯಲು ಬಂದರು.

"ನಿನಗೋಸ್ಕರ ಬಿಟ್ಟೆ ಕಣೇ. ಅದಕ್ಕೇ ಹಿಂಗಾಯ್ತು."

"ನನಗೋಸ್ಕರ ಬಿಟ್ಟಿದ್ದು ಎರಡು ದಿನ. ಮೂರು ವರ್ಷದ್ದು ಯಾರಿಗೋಸ್ಕರ?"

"ಗೊತ್ತಾದ್ರೆ ನೀನು ಬಿಟ್ಟು ಹೋಗ್ತೀಯ ಅಂತ ಹೆದರಿಕೆ. ಆದ್ರೆ ನಾನು ನಿನ್ನ ಚೆನ್ನಾಗಿ ನೋಡ್ಕೊಳ್ಳಲಿಲ್ವಾ? ಒಂದಿನ ಕೈ ಎತ್ತಿದೀನಾ? ದನಿ ಏರಿಸಿದೀನಾ?"

ಅದೇ ನೋಡಿ ನನ್ನನ್ನು ಸುಡುತ್ತಿದ್ದದ್ದು. ಚೆನ್ನಾಗಿ ನೋಡಿಕೊಂಡಿದ್ದರು. ಅಷ್ಟು ಚೆನ್ನಾಗಿ ನೋಡಿಕೊಂಡದ್ದು ಯಾರು ಅಂತಲೇ ನನಗೀಗ ತಿಳಿಯುತ್ತಿರಲಿಲ್ಲ.

"ನಮ್ಮವ್ವ ಸತ್ತಾಗ ದಿನಾ ಸಂಜೆ ನನ್ನ ಪಕ್ಕ ಕೂತು ತುತ್ತು ಮಾಡಿ ಕೊಡ್ತಿದ್ದೆಯಲ್ಲ" ಅಂದೆ. ನನಗೆ ಉತ್ತರ ಗೊತ್ತಿತ್ತು. ಆದರೂ ಅವರ ಬಾಯಿಂದಲೇ ಕೇಳಬೇಕಿತ್ತು. "ಆವಾಗಲೂ ಕುಡಿದಿದ್ದೆಯಾ?"

ಅವರು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು.

ಅಳು ಬಂತು. ಅವ್ವ ಸತ್ತಾಗಲೂ ಅಷ್ಟು ಅತ್ತಿರಲಿಲ್ಲ. ಆಗ ಕಣ್ಣೊರೆಸಲು ಪಕ್ಕದಲ್ಲಿ ಒಬ್ಬರಿದ್ದರು.

ಮುಬೀನಾ ಹೊಸ ಬಿಲ್ಲೆ ಹಿಡಿದುಕೊಂಡು ಬಂದರು. ಹಳೆಯದನ್ನು ಕಿತ್ತು ಟ್ರೇಗೆ ಹಾಕಿ, ಅವರ ಕಿವಿಯ ಹಿಂದೆ ಹತ್ತಿಯಲ್ಲಿ ಒರೆಸಿ ಹೊಸದನ್ನು ಅಂಟಿಸಿದರು. ಮತ್ತೆ ಹದಿನೈದು ದಿನ ಇಲ್ಲೇ ಇದ್ದು ಯಂತ್ರಕ್ಕೆ ಮೊದಲಿಂದ ಕಲಿಸಬೇಕು ಅಂದರು. ಈ ಸಲ ಯಂತ್ರವನ್ನೊಂದನ್ನೇ ನಂಬುವ ಹಾಗಿಲ್ಲ, ಮನೆಯವರು ಯಾರಾದರೂ ದಿನಾ ಬಂದು ನೋಡಿ ಒಂದು ಪ್ರಶ್ನೆಗೆ ಉತ್ತರ ಕೊಡಬೇಕು, ಅವರು ಹೌದು ಅಂದ ದಿನದ ಗೆರೆಯನ್ನು ಮಾತ್ರ ಯಂತ್ರ ಇಟ್ಟುಕೊಳ್ಳುತ್ತದೆ ಅಂತ ಹೇಳಿದರು.

"ಕೇಳ್ರಿ ಡಾಕ್ಟ್ರೇ" ಅಂದೆ.

"ಇವರು ಎಂದಿನ ಹಾಗೇ ಇದ್ದಾರಾ?" ಅಂದರು ಮುಬೀನಾ.

ಅವರು ಗೋಡೆಯಿಂದ ಮುಖ ತಿರುಗಿಸಿ ನನ್ನನ್ನೇ ನೋಡಿದರು. ತುಟಿ ಒಣಗಿತ್ತು. ಒಂದು ಹೌದು ಸಿಕ್ಕರೆ ಸಾಕು ಅನ್ನುವ ಹಾಗಿತ್ತು ಆ ನೋಟ. ನಾನೂ ನೋಡಿದೆ. ಹಣೆ ನೋಡಿದೆ, ಕಣ್ಣು ನೋಡಿದೆ, ಗಡ್ಡದ ಬಿಳಿ ಕೂದಲು ನೋಡಿದೆ.

"ಗೊತ್ತಿಲ್ಲ ಡಾಕ್ಟ್ರೇ" ಅಂದೆ. "ಇವರನ್ನ ನಾನು ಈಗಲೇ ಮೊದಲ ಸಲ ನೋಡ್ತಾ ಇರೋದು."